ಭಾವನಿಗೆ ಹೇಳಿದ ಮುನ್ಸೂಚನೆ

ಹವಾಮಾನ ಕಚೇರಿಯಲ್ಲಿ ಕೆಲಸ ಮಾಡುವ ಅವಳನ್ನು ಮನೆಯವರೆಲ್ಲ ಮೋಡಮ್ಮ ಎಂದು ಕರೆಯುತ್ತಿದ್ದರು. ಆ ಹೆಸರಿಟ್ಟವನು ಅಕ್ಕನ ಗಂಡ. ಪೇಟೆಯಲ್ಲಿ ಅವನದೊಂದು ಚಪ್ಪಲಿ ಅಂಗಡಿ. ಬಾಯಿ ದೊಡ್ಡದು, ಮನಸ್ಸು ಅಷ್ಟೇನೂ ಕೆಟ್ಟದ್ದಲ್ಲ. ಗಿರಾಕಿಗಳ ಎದುರಿಗೇ, "ಏನಮ್ಮ, ಇವತ್ತು ಮಳೆ ಬರುತ್ತೋ, ಇಲ್ಲಾ ಸಾಧ್ಯತೆ ಬರುತ್ತೋ?" ಎಂದು ಕೇಳಿ ತಾನೇ ಮೊದಲು ನಗುತ್ತಿದ್ದ.

ಅವಳಾದರೂ ಏನು ಮಾಡಿಯಾಳು? ಬೇಸಿಗೆಯ ಗುಡುಗುಮಳೆಗೆ ಹೇಳುವವರು ಕೇಳುವವರು ಇಲ್ಲ. ಬಿಸಿಲು ಏರಿದರೆ ಮೋಡ ಕಟ್ಟುವುದು ಖಂಡಿತ. ಯಾರ ತಲೆಯ ಮೇಲೆ ಸುರಿಯಬೇಕೆಂಬುದು ಆ ಮೋಡಕ್ಕೂ ಗೊತ್ತಿರುವುದಿಲ್ಲ. ಹಾಗಾಗಿ ಅವಳು 'ಸಾಧ್ಯತೆ ಇದೆ' ಎಂದು ಬರೆಯುತ್ತಿದ್ದಳು. ಜನ 'ಬಂದೇ ಬರುತ್ತದೆ' ಎಂದು ಓದಿಕೊಂಡು, ಬಾರದಿದ್ದಾಗ ಅವಳನ್ನು ಬೈಯುತ್ತಿದ್ದರು.

ಆ ಮಧ್ಯಾಹ್ನ ಮಾತ್ರ ರಡಾರ್ ಪರದೆಯಲ್ಲಿ ಬೆಟ್ಟದ ತಪ್ಪಲಿನ ಮೇಲೆ ಎದ್ದ ಕೆಂಪು ಕಲೆ ಅಲ್ಲೇ ಬೇರು ಬಿಟ್ಟಂತೆ ನಿಂತಿತು. ಬೆಟ್ಟದ ಮಳೆಮಾಪಕದ ಅಂಕಿ ಏರುತ್ತಾ ಏರುತ್ತಾ ಹೋಗಿ, ಕೊನೆಗೆ ಮಾಪಕವೇ ಸುಮ್ಮನಾಯಿತು. ಇತ್ತ ಬಯಲಿನ ಊರಿನಲ್ಲಿ ಸುಡುಬಿಸಿಲು. ಸಾಧ್ಯತೆಯ ಗೊಡವೆಗೆ ಹೋಗದೆ ಅವಳು ನೇರವಾಗಿ ಬರೆದಳು: ಸಂಜೆಯೊಳಗೆ ಬೆಟ್ಟದಿಂದ ಊರಿಗಿಳಿಯುವ ಹಳ್ಳದಲ್ಲಿ ದಿಢೀರ್ ಪ್ರವಾಹ ಬರುತ್ತದೆ, ಯಾರೂ ಹತ್ತಿರ ಹೋಗಬಾರದು.

ಜನ ಮೊದಲ ಸಲ ಅವಳ ಮಾತನ್ನು ನಂಬಿದರು. ದಡದ ಮನೆಗಳವರನ್ನು ಪೊಲೀಸರು ಶಾಲೆಗೆ ಸಾಗಿಸಿದರು. ಉಳಿದ ಊರು ಪ್ರವಾಹ ನೋಡಲು ಸೇತುವೆಗೆ ಬಂತು.

ಕಚೇರಿಯ ಟಿವಿಯಲ್ಲಿ ಅವಳು ಅದನ್ನು ಕಂಡಳು. ಹೆಗಲ ಮೇಲೆ ಮಕ್ಕಳು, ಮಡಚುವ ಕುರ್ಚಿಗಳು, ಒಂದು ಐಸ್‌ಕ್ರೀಮ್ ಗಾಡಿ. ಇಬ್ಬರು ಪೇದೆಗಳು ಸೀಟಿ ಊದಿದರೆ ಜನ ಈ ಬದಿಯಿಂದ ಆ ಬದಿಗೆ ಸರಿಯುತ್ತಿದ್ದರು, ಅಷ್ಟೆ. ನಟ್ಟನಡುವೆ, ಕೋಲಿಗೆ ಮೊಬೈಲ್ ಸಿಕ್ಕಿಸಿಕೊಂಡು ನಿಂತಿದ್ದ ಭಾವ. ಅವಳು ಫೋನ್ ಮಾಡಿದಳು.

"ಏ ಮೋಡಮ್ಮಾ, ಟಿವೀಲಿ ಕಾಣಿಸ್ತಿದೀನಾ? ಕೊನೆಗೂ ನಿನ್ನ ಮಾತು ನಂಬಿ ಅಂಗಡಿ ಮುಚ್ಚಿದೀನಿ ನೋಡು!"

"ಭಾವಾ, ನಿಮ್ಮ ದಮ್ಮಯ್ಯ, ಅಲ್ಲಿಂದ ಹೊರಡಿ. ನೀರು ಬರ್ತಿದೆ."

"ಅದಕ್ಕೇ ತಾನೇ ಬಂದಿರೋದು! ಎಷ್ಟೊತ್ತಿಗೆ ಬರುತ್ತೆ ಅಂತ ಸರಿಯಾಗಿ ಹೇಳು. ಇಲ್ಲಿ ಎಲ್ಲರೂ ಕೇಳ್ತಿದಾರೆ."

ಅವಳು ಅಕ್ಕನ ಹೆಸರು ಹೇಳಿದಳು, ಮಕ್ಕಳ ಹೆಸರು ಹೇಳಿದಳು. ಅವನು ನಕ್ಕು ಫೋನಿಟ್ಟ. ಅಷ್ಟರಲ್ಲಿ ತಪ್ಪಲಿನ ಠಾಣೆಯಿಂದ ಸುದ್ದಿ ಬಂತು: ಮೇಲಿನ ಸೇತುವೆ ಮುಳುಗಿದೆ, ನೀರಿನಲ್ಲಿ ಮರಗಳು ತೇಲಿಬರುತ್ತಿವೆ. ಇನ್ನು ಹೆಚ್ಚು ಹೊತ್ತಿರಲಿಲ್ಲ. ಅವಳು ಮೊದಲು ಶಾಲೆಗೆ ಫೋನ್ ಮಾಡಿ, ಯಾರು ಏನೇ ಹೇಳಲಿ, ತಾನು ಹೇಳುವವರೆಗೆ ಒಬ್ಬರನ್ನೂ ಹೊರಗೆ ಬಿಡಬೇಡಿ ಎಂದಳು. ಆಮೇಲೆ ಮತ್ತೆ ಭಾವನಿಗೆ ಮಾಡಿದಳು.

"ಭಾವಾ, ಹೇಳೋಕೆ ನಾಚಿಕೆ ಆಗುತ್ತೆ. ಮಳೆಯೆಲ್ಲ ಬೆಟ್ಟದ ಆಚೆ ಬದಿಗೆ ಸುರಿದಿದೆ. ನೀರು ಈ ಕಡೆ ಬರಲ್ಲ. ಯಾರಿಗೂ ಹೇಳ್ಬೇಡಿ, ನನ್ನ ಮರ್ಯಾದೆ ಹೋಗುತ್ತೆ."

"ಛೇ ಛೇ, ನಾನ್ಯಾಕೆ ಹೇಳ್ಲಿ!" ಎಂದ ಭಾವ. ಫೋನ್ ಕಡಿಯುವ ಮೊದಲೇ ಅವನ ಕೂಗು ಅವಳ ಕಿವಿಗೆ ಬಿತ್ತು: "ಎಲ್ಲಾ ಮನೆಗೆ ನಡೀರಪ್ಪೋ! ನಮ್ಮ ನಾದಿನೀನೇ ಹೇಳಿದ್ಲು, ಬರೀ ಬುರುಡೆಯಂತೆ!"

ಜನ ಹವಾಮಾನ ಕಚೇರಿಯ ವಂಶವನ್ನೆಲ್ಲ ಜಾಲಾಡುತ್ತಾ ಕುರ್ಚಿ ಮಡಚಿ ಹೊರಟರು. ಐಸ್‌ಕ್ರೀಮ್ ಗಾಡಿಯವನು ಕೊನೆಗೆ ಇಳಿದ. ಬಿಸಿಲು ಇನ್ನೂ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಕೆಸರುನೀರು ಗೋಡೆಯಂತೆ ಬಂದು, ಸೇತುವೆಯ ಕಂಬಿಗಳನ್ನು ಕಡ್ಡಿಯಂತೆ ಮುರಿದುಕೊಂಡು ಹೋಯಿತು. ಮೋಡಮ್ಮ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ನಿಖರ ಮುನ್ಸೂಚನೆಗಾಗಿ ಮೇಲಧಿಕಾರಿಗೆ ಸನ್ಮಾನವಾಯಿತು. ಅವಳ ಮೇಲೆ ದೂರು ಬಂತು. ಸರ್ಕಾರಿ ನೌಕರಳೊಬ್ಬಳು ಸುಳ್ಳು ಹೇಳಿ ಸಾರ್ವಜನಿಕರಿಗೆ ಪ್ರವಾಹದ ನೋಟ ತಪ್ಪಿಸಿದಳು ಎಂದು ದೂರಿತ್ತವನು ಭಾವನೇ.

ಅಧಿಕಾರಿ ಕರೆದು ಕೇಳಿದರು. ಅವಳು ಒಪ್ಪಿಕೊಂಡಳು.

"ಒಂದೇ ಹಳ್ಳಕ್ಕೆ ಎರಡು ಮುನ್ಸೂಚನೆ ಕೊಡೋ ಹಾಗಿಲ್ಲಮ್ಮ," ಎಂದು ಅವರು ಬೇಸರದಿಂದಲೇ ನೋಟಿಸು ಕೊಟ್ಟರು.

ಅಂದು ಸಂಜೆ ಅಕ್ಕ ಫೋನ್ ಮಾಡಿದಳು. "ಇವರು ಸೋಫಾ ಮೇಲೆ ಕೂತು ನಿನ್ನ ಬೈತಾನೇ ಇದಾರೆ ಕಣೇ. ಬೈಲಿ ಬಿಡು. ಕೂತಿದಾರಲ್ಲ, ಅಷ್ಟು ಸಾಕು."

ಬೇಸಿಗೆ ಮುಗಿಯುವ ಮುನ್ನ ಬೆಟ್ಟದ ಮೇಲೆ ಮತ್ತೊಮ್ಮೆ ಮೋಡ ಕಟ್ಟಿತು, ಮತ್ತೊಮ್ಮೆ ಎಚ್ಚರಿಕೆ ಹೊರಟಿತು. ಭಾವ ತಾನಾಗಿಯೇ ಫೋನ್ ಮಾಡಿದ.

"ಈ ಸಲವಾದ್ರೂ ನಿಜ ಹೇಳು. ಬರುತ್ತಾ?"

"ಬರುತ್ತೆ ಭಾವಾ. ಖಂಡಿತ ಬರುತ್ತೆ."

"ನನ್ನ ಕಿವಿಗೇ ಹೂವು ಇಡ್ತೀಯಾ?" ಎಂದು ನಕ್ಕು, ಅವನು ಫ್ಯಾನ್ ಹಾಕಿಕೊಂಡು ಗೊರಕೆ ಹೊಡೆಯತೊಡಗಿದ.