ಇರುವೆ ಬಟ್ಟಲಿನ ಗುಳಿಗಳು

ನಮ್ಮ ಹಜಾರದ ಕೆಂಪು ನೆಲವನ್ನು ಹೊಗಳುವವರೆಲ್ಲ ನಿಂತುಕೊಂಡೇ ಹೊಗಳುತ್ತಾರೆ. ಮಂಡಿಯೂರಿ ಅದನ್ನು ಉಜ್ಜುವವಳು ನಾನು. ಮದುವೆಯಾಗಿ ಉಯ್ಯಂಬಳ್ಳಿ ಪಕ್ಕದ ಈ ಊರಿಗೆ ಬಂದಾಗಿನಿಂದ ಉಜ್ಜುತ್ತಲೇ ಇದ್ದೇನೆ. ಹೋದ ವರ್ಷದವರೆಗೂ ನಾವು ರೇಷ್ಮೆ ಹುಳು ಸಾಕುತ್ತಿದ್ದದ್ದು ಈ ಹಜಾರದಲ್ಲೇ. ಒಂದೊಂದು ಬೆಳೆ ಮುಗಿದಾಗಲೂ, ಮುಂದಿನ ಹುಳುವಿಗೆ ರೋಗ ತಗುಲದಿರಲೆಂದು, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಬೇಕು. ಕಣ್ಣು ಉರಿ, ಕೈ ಉರಿ. ನೆಲವೂ ಅಲ್ಲಲ್ಲಿ ಬಣ್ಣ ಬಿಟ್ಟು ತರಿತರಿಯಾಗಿದೆ.

ಸಾಲದ್ದಕ್ಕೆ ಗುಳಿಗಳು. ಹುಳುವಿನ ತಟ್ಟೆ ಇಡುವ ಸ್ಟ್ಯಾಂಡಿಗೆ ಇರುವೆ ಹತ್ತಬಾರದೆಂದು ಅದರ ಕಾಲುಗಳ ಕೆಳಗೆ ನೀರು ತುಂಬಿದ ಕಲ್ಲಿನ ಬಟ್ಟಲು ಇಡುತ್ತಿದ್ದೆವು. ಆ ಬಟ್ಟಲುಗಳು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತು ತೇಯ್ದು, ನಮ್ಮತ್ತೆ ವೆಂಕಟಲಕ್ಷ್ಮಮ್ಮನವರ ಕೋಣೆಯ ಬಾಗಿಲಿನಿಂದ ಹಿತ್ತಿಲ ಬಾಗಿಲವರೆಗೆ ಸಾಲಾಗಿ ದುಂಡನೆಯ ಗುಳಿ ಬಿದ್ದಿವೆ. ಅದರಲ್ಲಿ ಕೊಳೆ ಕೂತರೆ ಜಪ್ಪಯ್ಯ ಅಂದರೂ ಏಳುವುದಿಲ್ಲ.

ಈ ವರ್ಷ ತೋಟದಲ್ಲಿ ಹುಳುಮನೆ ಕಟ್ಟಿಸಿದೆವು. ಹಜಾರ ಖಾಲಿಯಾಯಿತು. ನನಗೆ ಇಲ್ಲಿ ಟೈಲ್ಸ್ ಬೇಕು, ಒಂದು ಸಲ ಒರೆಸಿದರೆ ಮುಗಿಯುವಂಥ ನೆಲ ಬೇಕು ಎಂದು ಹೇಳಿಬಿಟ್ಟೆ. ನನ್ನ ಗಂಡ ನಟರಾಜು ನಿನ್ನಿಷ್ಟ ಅಂದರು. ಎಲ್ಲದಕ್ಕೂ ನಿನ್ನಿಷ್ಟ ಅಂದುಬಿಟ್ಟರೆ ಆಮೇಲೆ ತಪ್ಪನ್ನು ಯಾರೂ ತಮ್ಮ ತಲೆಗೆ ಕಟ್ಟುವುದಿಲ್ಲ ಎಂಬುದು ಅವರ ಲೆಕ್ಕ.

ಬೇಡವೇ ಬೇಡ ಎಂದು ಕುಣಿದವಳು ನಾದಿನಿ ಭಾನುಪ್ರಿಯ. ಬಿಡದಿಯಲ್ಲಿ ಫಳಫಳ ಹೊಳೆಯುವ ಟೈಲ್ಸಿನ ಮನೆಯಲ್ಲಿರುವವಳು. ಕನಕಪುರ ರೋಡಿನ ಯಾವುದೋ ರೆಸಾರ್ಟಿನಲ್ಲಿ ಹೊಸದಾಗಿ ಕೆಂಪು ನೆಲ ಹಾಕಿಸಿದ್ದಾರಂತೆ, ಜನ ಅದರ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರಂತೆ. ಅಪ್ಪ ಹಾಕಿಸಿದ ನೆಲ, ಅವ್ವ ಬಸುರಿಯಾಗಿದ್ದಾಗ ಕೂತು ಹೊಳೆಗಲ್ಲಿನಿಂದ ಪಾಲಿಶ್ ಮಾಡಿದ ನೆಲ, ಮುಚ್ಚಿಸಲು ಮನಸ್ಸಾದರೂ ಹೇಗೆ ಬರುತ್ತದೆ ಎಂದಳು. ಬಂದು ಒಂದು ಬೆಳೆ ತೊಳೆದುಕೊಟ್ಟು ಹೋಗು ಅನ್ನಬೇಕೆನಿಸಿತು. ಅನ್ನಲಿಲ್ಲ. ಜಗಳಕ್ಕೂ ಒಂದಿಷ್ಟು ಶಕ್ತಿ ಬೇಕು.

ಕೊನೆಗೆ ಅತ್ತೆ ಹೇಳಿದ ಹಾಗೆ ಆಗಲಿ ಎಂದಾಯಿತು. ಅವರು ಬೇಡ ಅನ್ನುತ್ತಾರೆಂದೇ ಎಲ್ಲರೂ ಅಂದುಕೊಂಡಿದ್ದೆವು. ಕನಕಪುರದ ಅಂಗಡಿಯಿಂದ ತಂದ ಒಂದು ಟೈಲ್ಸನ್ನು ಅವರ ಕೈಗೆ ಕೊಟ್ಟೆ. ಮಡಿಲಲ್ಲಿಟ್ಟುಕೊಂಡು ಸವರಿದರು.

"ಬಣ್ಣ ಲಕ್ಷಣವಾಗೈತೆ. ಇದ್ನೇ ಹಾಕ್ಸು," ಅಂದರು.

ಅವರು ನೋಡುತ್ತಿದ್ದದ್ದು ಟೈಲ್ಸಿನ ಬೆನ್ನನ್ನು. ಗೀರುಗೀರಿನ, ಸುಟ್ಟ ಮಣ್ಣಿನ ಬಣ್ಣದ ಹಿಂಬದಿ. ಒಪ್ಪಿದಂತೆ ಒಪ್ಪಿ ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಮೈಯೆಲ್ಲ ಉರಿದುಹೋಯಿತು. ಟೈಲ್ಸ್ ಬರುವವರೆಗೂ ಊಟಕ್ಕೆ ಕರೆಯುವುದು ಬಿಟ್ಟರೆ ಅವರೊಂದಿಗೆ ಮಾತೇ ಆಡಲಿಲ್ಲ.

ಟೈಲ್ಸ್ ಕೂರಿಸುವ ಮುಕ್ತಿಯಾರ್ ಕನಕಪುರದಿಂದ ಬಂದ. ತಳ ಗಟ್ಟಿಯಾಗಿದೆ, ಒಡೆಯುವುದು ಬೇಡ, ಗುಳಿಗೆ ಸಿಮೆಂಟ್ ತುಂಬಿ ಮೇಲೆಯೇ ಅಂಟಿಸೋಣ ಎಂದ. ಹೇಗೆ ಕಾಣುತ್ತದೆಂದು ತೋರಿಸಲು ಹಜಾರದ ನಡುವೆ ಒಂದಷ್ಟು ಟೈಲ್ಸನ್ನು ಹಾಗೇ ಹಾಸಿದ. ಹಾಲಿನ ಬಣ್ಣ. ನನಗಂತೂ ಕಣ್ಣು ತುಂಬಿಬಂತು. ಬೇರೆಯವರು ಒಡವೆ ಕೊಂಡಾಗ ಹೀಗೇ ಆಗುತ್ತದೇನೋ.

ಅವನಿಗೆ ಟೀ ಕೊಡುತ್ತಿದ್ದೆ. ಅತ್ತೆ ಹಿತ್ತಿಲಿಗೆ ಹೋಗಲು ಕೋಣೆಯಿಂದ ಹೊರಬಂದರು. ಎಂದಿನಂತೆ ಕಾಲು ಎತ್ತದೆ ಸವರಿಕೊಂಡು ನಿಧಾನಕ್ಕೆ ಬಂದರು. ಹೆಬ್ಬೆರಳು ಟೈಲ್ಸಿಗೆ ತಗುಲಿತು. ನಿಂತರು. ಮೇಲೆ ಕಾಲಿಟ್ಟು ಆ ಕಡೆ ಸವರಿದರು, ಈ ಕಡೆ ಸವರಿದರು. ಎಲ್ಲ ಕಡೆಯೂ ಒಂದೇ ನುಣುಪು. ಮೆಲ್ಲಗೆ ತಿರುಗಿ ಗೋಡೆಗೆ ಮುಖ ಮಾಡಿ, ಕೈಯನ್ನು ಗಾಳಿಯಲ್ಲಿ ಚಾಚಿಕೊಂಡು ನಿಂತುಬಿಟ್ಟರು.

"ರಮ್ಯಾ, ಹಿತ್ಲು ಯಾವ್ ಕಡೀಕೈತೆ?"

ಮದುವೆಯಾಗಿ ಬಂದು ನಾಲ್ಕು ಮಕ್ಕಳನ್ನು ಹೆತ್ತ ಮನೆಯಲ್ಲಿ ನಿಂತು ಅವರು ಇದನ್ನು ಕೇಳಿದರು. ಮುಕ್ತಿಯಾರ್ ಟೀ ಲೋಟ ಕೆಳಗಿಟ್ಟ. ನಾನು ಹೋಗಿ ಕೈ ಹಿಡಿದು ಟೈಲ್ಸ್ ದಾಟಿಸಿದೆ. ಕಾಲಿಗೆ ಗುಳಿ ಸಿಕ್ಕಿದ್ದೇ ನನ್ನ ಕೈ ಬಿಡಿಸಿಕೊಂಡು, ಒಂದರಿಂದ ಇನ್ನೊಂದಕ್ಕೆ ಬೆರಳು ಇಡುತ್ತ ನೆಟ್ಟಗೆ ಬಾಗಿಲಿಗೆ ಹೋದರು.

ಹಿತ್ತಿಲ ಕಟ್ಟೆಯ ಮೇಲೆ ಕೂರಿಸಿ ಕೇಳಿದೆ. ಹಿಂದೆ ಆಪರೇಷನ್ ಆದ ಕಣ್ಣಿಗೆ ದೃಷ್ಟಿ ಬಂದೇ ಇರಲಿಲ್ಲವಂತೆ. ಇನ್ನೊಂದು ಹೋದ ಯುಗಾದಿಯಿಂದ ಮಸುಕಾಗುತ್ತ ಬಂದು, ಈಗ ಬರೀ ಬೆಳಕು ನೆರಳು. ನಮಗೆ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ಭಾನು ಮನೇಗ್ ಕಳುಸ್ತಿದ್ರಿ. ಅಲ್ಲಿ ಬಾಗ್ಲು ಯಾವ್ದು ಗ್ವಾಡೆ ಯಾವ್ದು ಅಂತ ನಂಗೆಂಗ್ ಗೊತ್ತಾಯ್ತದೆ? ಇಲ್ಲಾದ್ರೆ ನನ್ ಕಾಲ್ಗೆ ಗೊತ್ತು."

"ಮತ್ತೆ ಟೈಲ್ಸ್ ಹಾಕ್ಸು ಅಂತ ಯಾಕಂದ್ರಿ?"

"ಬ್ಯಾಡ ಅಂದಿದ್ರೆ ಯಾಕೆ ಅಂತ ನೀನ್ ಕೇಳ್ತಿದ್ದೆ. ಅಲ್ದೆ ದಿನಾ ಮಂಡಿ ಹಿಡ್ಕಂಡ್ ಏಳ್ತೀಯಲ್ಲ, ಕೇಳುಸ್ತದೆ ನಂಗೆ."

ಕೋಪ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಕನಕಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದರು. ಗುಳಿಯ ಸಾಲು ಬಿಟ್ಟು ಮಿಕ್ಕ ಕಡೆ ಹಾಕಿಕೊಡಲೇ ಎಂದು ಮುಕ್ತಿಯಾರ್ ಕೇಳಿದ. ಅಂಚು ಎತ್ತರವಾಗಿ ಅತ್ತೆ ಎಡವಿ ಬೀಳುತ್ತಾರೆ, ಬೇಡ ಎಂದೆ. ಅವನು ಟೈಲ್ಸನ್ನೆಲ್ಲ ಹುಳುಮನೆಯ ಮೂಲೆಯಲ್ಲಿ ಜೋಡಿಸಿ ಹೋದ. ಅಂಗಡಿಯವರು ವಾಪಸ್ಸು ತೆಗೆದುಕೊಳ್ಳಲಿಲ್ಲ.

ಅದನ್ನು ಯಾವಾಗ ಹಾಕಿಸುತ್ತೇವೆ ಎಂಬುದು ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟವರು ಅತ್ತೆಯೇ.

"ನಾನ್ ಹೋದ್ಮ್ಯಾಕೆ ಹಾಕುಸ್ಕಳವ್ವ. ಟೈಲ್ಸೇನ್ ಕೊಳ್ತೋಯ್ತದಾ?"

"ಅಂಗಾರೆ ನಾನು ದಿನಾ ನಿಮ್ ಸಾವು ಕಾಯ್ಕಂಡ್ ಕೂತಿರ್ಬೇಕಾ?" ಎಂದು ರೇಗಿದೆ.

"ಕೂರ್ಬ್ಯಾಡ, ನೆಲ ಒರ್ಸು," ಅಂದು ನಕ್ಕರು.

ಒರೆಸುತ್ತಿದ್ದೇನೆ. ಗುಳಿಯಲ್ಲಿ ಕೊಳೆ ತುಂಬಿ ಮಟ್ಟವಾದರೆ ಅವರ ಬೆರಳಿಗೆ ಸಿಗುವುದಿಲ್ಲವೆಂದು ಈಗ ತಲೆಪಿನ್ನಿನಿಂದ ಒಂದೊಂದನ್ನೂ ಕೆರೆಯುತ್ತೇನೆ. ಮಂಡಿ ಮೊದಲಿಗಿಂತ ಹೆಚ್ಚು ನೋಯುತ್ತದೆ. ಹುಳುಮನೆಗೆ ಸೊಪ್ಪು ಹಾಕಲು ಹೋದಾಗ ಟೈಲ್ಸಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತೇನೆ. ನನಗೆ ಅದು ಈಗಲೂ ಬೇಕು. ಬೇಗ ಬೇಡ, ಅಷ್ಟೇ.

ಇವತ್ತು ಬೆಳಿಗ್ಗೆಯೂ ನಾನು ಕೆರೆಯುತ್ತಿದ್ದಾಗ ಅತ್ತೆ ಕೋಣೆಯಿಂದ ಬಂದರು. ಬಕೆಟ್ಟನ್ನು ಪಕ್ಕಕ್ಕೆ ಎಳೆದುಕೊಂಡೆ. ಹೆಬ್ಬೆರಳನ್ನು ಗುಳಿಗೆ ಇಟ್ಟವರು ನೀರು ನಿಂತಿದೆ ಎಂದರು. ಅವರು ಕಾಲೆತ್ತಿದರು, ನಾನು ಒರೆಸಿದೆ.