ಮೊದಲಿನದು, ಆಮೇಲಿನದು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕೆಸರಕ್ಕ ಎಂದೇ ಕರೆಯುತ್ತಿದ್ದರು. ಕೆರೆಯ ತಳದ ಕೆಸರನ್ನು ಕೊಳವೆಗಳಲ್ಲಿ ತೆಗೆಸಿ, ಅದರೊಳಗೆ ಉಳಿದ ಹೂವಿನ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಯಾವ ಕಾಲದಲ್ಲಿ ಸುತ್ತಮುತ್ತ ಏನು ಬೆಳೆದಿತ್ತು ಎಂದು ಹೇಳುವುದು ಅವಳ ಕೆಲಸ. ಕೊಳವೆ ಇಳಿಸುವವನು ಅವಳ ಒಡಹುಟ್ಟಿದ ಅಣ್ಣ. ದೋಣಿ, ಹಗ್ಗ, ರಾಟೆ ಎಲ್ಲ ಅವನ ಸುಪರ್ದಿಯಲ್ಲಿದ್ದವು. ಅಣ್ಣ ಕೆಸರು ಎತ್ತುತ್ತಾನೆ, ತಂಗಿ ಕೆಸರು ಎರಚುತ್ತಾಳೆ ಎಂದು ಜೊತೆಯವರು ನಗುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಬೇರೆಯವರ ತಪ್ಪು ಕಣ್ಣಿಗೆ ಬಿದ್ದರೆ ಕೆಸರಕ್ಕನಿಗೆ ಅದನ್ನು ಹೇಳದೆ ಊಟ ಸೇರುತ್ತಿರಲಿಲ್ಲ.

ಊರಿನ ಹಿಂದಿನ ಗುಡ್ಡದ ಕಾಡಿನ ಮೇಲೆ ಅವಳು ಒಂದು ಪುಸ್ತಕ ಬರೆದಿದ್ದಳು. ಹೆಸರು ‘ಕೊಡಲಿ ಕಾಣದ ಕಾಡು’. ಗುಡ್ಡದ ಬುಡದ ಕೆರೆಯಿಂದ ತೆಗೆದ ಎರಡು ಕೊಳವೆ ಕೆಸರೇ ಅದಕ್ಕೆ ಆಧಾರ. ಅಡಿಯ ಕೊಳವೆಯಲ್ಲಿ ಬೆಂಕಿಯ ಮಸಿ ಮತ್ತು ಧಾನ್ಯದ ಪರಾಗ, ಅದರ ಮೇಲ್ತುದಿಯಲ್ಲಿ ಮರಗಳ ಪರಾಗ ಸಿಕ್ಕಿದ್ದವು. ಮೇಲಿನ ಕೊಳವೆಯ ತುಂಬ ಬರೀ ಮರಗಳದೇ ಪರಾಗ. ಹಾಗಾಗಿ, ಎಂದೋ ಪುರಾತನ ಕಾಲದಲ್ಲಿ ಯಾರೋ ಅಲ್ಲಿ ಉತ್ತು ಬಿಟ್ಟುಹೋದರು, ಆಮೇಲೆ ಸಾವಿರಾರು ವರ್ಷ ಆ ಗುಡ್ಡವನ್ನು ಯಾರೂ ಮುಟ್ಟಿಲ್ಲ ಎಂದು ಅವಳು ಬರೆದಳು.

ಮನೆಯಲ್ಲಿ ಬೇರೆಯೇ ಕಥೆಯಿತ್ತು. ತನ್ನ ಅಜ್ಜಿಯ ಅಜ್ಜಿ ಆ ಗುಡ್ಡದ ಮೇಲೆ ಉಳುಮೆ ಮಾಡುತ್ತಿದ್ದ ಮನೆಯವಳು ಎಂದು ಅಮ್ಮ ಹೇಳುತ್ತಿದ್ದಳು. ಕೆಸರಕ್ಕ ಅದನ್ನೂ ಬಿಡಲಿಲ್ಲ. ‘ನೆಲ ನಮ್ಮದು ಎನ್ನಿಸಿಕೊಳ್ಳಲು ಮನುಷ್ಯರು ಕಥೆ ಕಟ್ಟುತ್ತಾರೆ. ನಮ್ಮ ಅಮ್ಮನೂ ಒಂದನ್ನು ಹೇಳುತ್ತಾರೆ. ಕೆಸರಿನಲ್ಲಿ ಅದಕ್ಕೆ ಸಾಕ್ಷಿಯಿಲ್ಲ’ ಎಂದು ಬರೆದಳು. ಆ ಅಧ್ಯಾಯ ಮೊದಲೇ ಒಂದು ಪತ್ರಿಕೆಯಲ್ಲಿ ಬಂದಾಗ ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಚೆನ್ನಾಗಿ ಬರೆದಿದ್ದೀಯ ಎಂದಿದ್ದಳು. ಮಗಳು ಅದನ್ನು ಹೊಗಳಿಕೆ ಎಂದೇ ತಿಳಿದಳು. ಓದಿದವರ ದಡ್ಡತನಕ್ಕೆ ಮದ್ದಿಲ್ಲ.

ಪುಸ್ತಕ ಇನ್ನೇನು ಅಚ್ಚಿಗೆ ಹೋಗಬೇಕು, ಆಗ ವರದಿ ಬಂತು. ಕೆಸರಿನ ವಯಸ್ಸು ಅಳೆಯುವ ಪ್ರಯೋಗಾಲಯಕ್ಕೆ ಅವಳು ಆ ಮಸಿಯ ಚೂರನ್ನು ಕಳಿಸಿದ್ದಳು. ಅವರ ಉತ್ತರ: ಮುನ್ನೂರು ವರ್ಷವೂ ಆಗಿಲ್ಲ.

ಅವರು ಚೂರು ಅದಲುಬದಲು ಮಾಡಿದ್ದಾರೆ ಎಂದು ಅವಳು ರೇಗಿದಳು. ಪ್ರಯೋಗಾಲಯದವರಿಗೆ ಒಂದು ಖಾರದ ಮಾತನ್ನೂ ಮನಸ್ಸಿನಲ್ಲೇ ತಯಾರು ಮಾಡಿಕೊಂಡಳು. ಇನ್ನೊಂದು ಚೂರು ಕಳಿಸೋಣವೆಂದು ಅಣ್ಣನನ್ನು ಕರೆದುಕೊಂಡು ಕೊಳವೆಗಳನ್ನಿಡುವ ತಣ್ಣನೆಯ ಕೋಣೆಗೆ ಹೋದಳು. ಎರಡೂ ಕೊಳವೆ ಕಪಾಟಿನಲ್ಲಿ ಪಕ್ಕಪಕ್ಕ ಮಲಗಿದ್ದವು. ಅವುಗಳ ಮೇಲೆ ಅಣ್ಣನ ದುಂಡು ಅಕ್ಷರದಲ್ಲಿ ‘ಮೊದಲಿನದು’, ‘ಆಮೇಲಿನದು’ ಎಂದಿತ್ತು. ಬೇರೆ ಕೆರೆಗಳಲ್ಲಿ ಅವಳೇ ದೋಣಿಯಲ್ಲಿ ಕೂತು ಗುರುತು ಹಾಕುತ್ತಿದ್ದಳು. ಈ ಕೆರೆಗೆ ಹೋದ ದಿನ ಮಾತ್ರ ಅವಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು.

‘ಮೊದಲಿನದು’ ಎಂಬ ಕೊಳವೆಯನ್ನು ಎಳೆಯುತ್ತಾ, ಅಡಿಯದರಿಂದ ಇನ್ನೊಂದು ಚೂರು ತೆಗೆ ಎಂದಳು.

ಅಣ್ಣ ಕೈ ಚಾಚಿದವನು ಹಾಗೇ ನಿಂತ. "ಇದು ಅಡಿಯದಲ್ಲ ಕಣೇ. ಮೇಲಿನದು."

"ಮೊದಲಿನದು ಅಂತ ನೀನೇ ಬರ್ದಿದೀಯಲ್ಲ."

"ಹೌದು, ಮೊದಲು ತೆಗೆದಿದ್ದು. ಅದೇ ತೂತಲ್ಲಿ ಇನ್ನೂ ಕೆಳಕ್ಕೆ ಇಳಿಸಿ ತೆಗೆದಿದ್ದು ಆಮೇಲಿನದು. ಅಡೀದು ಮೊದಲು ಹೇಗೆ ಬರುತ್ತೆ?"

ಅಣ್ಣ ಬರೆದದ್ದರಲ್ಲಿ ತಪ್ಪಿರಲಿಲ್ಲ. ತಂಗಿ ಓದಿದ್ದರಲ್ಲೂ ತಪ್ಪಿರಲಿಲ್ಲ. ಅವನು ಕೈಗೆ ಬಂದ ಲೆಕ್ಕದಲ್ಲಿ ಬರೆದ, ಇವಳು ಕಾಲದ ಲೆಕ್ಕದಲ್ಲಿ ಓದಿದಳು. ಕೆಸರಿನಲ್ಲಿ ಕೊನೆಗೆ ಬಿದ್ದದ್ದೇ ಕೈಗೆ ಮೊದಲು ಸಿಗುವುದು. ಒಂದೇ ಮನೆಯಲ್ಲಿ ಒಂದೇ ಮಾತು ಕಲಿತ ಇಬ್ಬರು ಇಷ್ಟು ಕಾಲ ಆ ಎರಡು ಪದ ಹಿಡಿದು ವಿರುದ್ಧ ದಿಕ್ಕಿಗೆ ನಡೆದಿದ್ದರು. ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಕೊಳವೆಗಳನ್ನು ಅದಲುಬದಲಿಟ್ಟು ನೋಡಿದರೆ ಗುಡ್ಡದ ಕಥೆಯೂ ತಿರುವುಮುರುವಾಯಿತು. ಮೊದಲು ಹಳೆಯ ಕಾಡು. ಅದನ್ನು ಕಡಿದು, ಸುಟ್ಟು ಮಾಡಿದ ಹೊಲ. ಹೊಲ ಬಿಟ್ಟುಹೋದ ಮೇಲೆ ಅದೇ ಜಾಗದಲ್ಲಿ ತಾನಾಗಿ ಎದ್ದ ಈಗಿನ ಕಾಡು. ಉತ್ತವರು ಯಾವುದೋ ಪುರಾತನರಲ್ಲ, ಅಮ್ಮನ ಅಜ್ಜಿಯ ಅಜ್ಜಿಯ ಕಾಲದವರು.

ತಪ್ಪು ನನ್ನದು ಅಂತಲೇ ಬರೆ ಎಂದು ಅಣ್ಣ ಮುಖ ಚಿಕ್ಕದು ಮಾಡಿಕೊಂಡು ಹೇಳಿದ. ಅವಳು ಬೇಡವೆಂದಳು. ಅವನ ಮೇಲೆ ಸಿಟ್ಟು ಬರಲಿ ಎಂದು ಎಷ್ಟು ಪ್ರಯತ್ನಿಸಿದರೂ ಬರಲಿಲ್ಲ. ಬಂದದ್ದು ನಾಚಿಕೆ. ಅಲ್ಲಿಂದಲೇ ಪ್ರಕಾಶಕನಿಗೆ ಫೋನ್ ಮಾಡಿ ಅಚ್ಚು ನಿಲ್ಲಿಸಲು ಹೇಳಿದಳು. ಹೆಸರೂ ಬದಲಾಗಬೇಕು ಎಂದಾಗ ಅವನು ಹಣೆ ಚಚ್ಚಿಕೊಂಡದ್ದು ಇತ್ತ ಕೇಳಿಸಿತು. ಕೊನೆಗೆ, ಕಾಡು ತಿರುಗಿ ಬಂದದ್ದೇ ಹೆಚ್ಚು ಒಳ್ಳೆಯ ಕಥೆ ಎಂದು ಅವನೇ ಸಮಾಧಾನ ಹೇಳಿದ. ಅದು ಒಳ್ಳೆಯ ಕಥೆಯೇ ಎಂದು ಅವಳಿಗೂ ಗೊತ್ತಿತ್ತು. ಆದರೆ ಹೆತ್ತ ತಾಯಿಯನ್ನು ಅಚ್ಚಿನಲ್ಲಿ ಸುಳ್ಳಿ ಎಂದದ್ದು ಪ್ರಕಾಶಕನ ಸಮಾಧಾನಕ್ಕೆ ಹೋಗುವಂಥದ್ದಲ್ಲ.

ಸಂಜೆ ಮನೆಗೆ ಬಂದಾಗ ಅಮ್ಮ ಕಿಟಕಿಯ ಬಳಿ ಕೂತು ದಿಂಬಿನ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದಳು. ಅಣ್ಣ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ. ಮಗಳು ಅಮ್ಮನ ಎದುರು ನೆಲದ ಮೇಲೆ ಕೂತಳು.

"ಅಮ್ಮ, ಗುಡ್ಡದ ಮೇಲೆ ನಮ್ಮೋರ ಹೊಲ ಇತ್ತು ಅಂತಿದ್ಯಲ್ಲ. ಅಲ್ಲಿ ಹೊಲ ಇದ್ದಿದ್ದು ನಿಜ. ನಾನು ಬರ್ದಿದ್ದೇ ತಪ್ಪು."

ಅಮ್ಮ ದಾರ ಕಚ್ಚಿ ತುಂಡು ಮಾಡಿದಳು. "ಹೌದಾ? ನೀನು ಓದ್ದೋಳು ಹೇಳಿದ್ಮೇಲೆ ಸುಳ್ಳೇ ಇರ್ಬೇಕು ಅಂದ್ಕೊಂಡೆ. ನಿಮ್ಮಣ್ಣನ ಮಗಳು ಕೇಳಿದಾಗಲೂ ಅದೆಲ್ಲ ಸುಮ್ನೆ ಕಥೆ ಮಗು ಅಂದ್ಬಿಟ್ಟೆ."

ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಮಗಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಚಿಕ್ಕಂದಿನಲ್ಲಿ ಜಡೆ ಹಾಕುವಾಗ ಅಮ್ಮ ಆ ಹೊಲಗಳ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು. ಎಲ್ಲವನ್ನೂ ಮತ್ತೆ ಹೇಳು, ಪುಸ್ತಕದಲ್ಲಿ ಹಾಕುತ್ತೇನೆ ಎಂದು ಮಗಳು ಕೇಳಿದಳು.

ಅಮ್ಮ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟು ಕಣ್ಣು ಮುಚ್ಚಿದಳು. "ಜೇನುಬಂಡೆ ಹೊಲ. ಓರೆ ಹೊಲ. ಅತ್ತಿಗೆ ಹೊಲ..." ಅಲ್ಲಿಗೆ ನಿಂತಿತು. ಮೊದಲಿನಿಂದ ಮತ್ತೆ ಹೇಳಿ ನೋಡಿದಳು. ಅಲ್ಲೇ ನಿಂತಿತು.

"ದಿನಾ ಹೇಳ್ತಾ ಇದ್ರೆ ಬರ್ತಿತ್ತು ಮಗಾ," ಎಂದಳು. "ಬಿಟ್ಬಿಟ್ಟೆನಲ್ಲ."

ಬಾಗಿಲಲ್ಲಿದ್ದ ಅಣ್ಣನಿಗೆ ಒಂದು ನೆನಪಾಯಿತು, ನರಿಗುಂಡಿ ಹೊಲ. ಇನ್ನೂ ಐದೋ ಆರೋ ಇದ್ದವು ಎಂದು ಮೂವರಿಗೂ ಗೊತ್ತಿತ್ತು. ಕತ್ತಲಾಗಿ ದೀಪ ಹಾಕುವವರೆಗೂ ಕೂತರು. ಪರಾಗ, ಮಸಿ ಏನು ಬೇಕಾದರೂ ಕೆರೆಯ ತಳದಿಂದ ತೆಗೆಯಬಲ್ಲ ಕೆಸರಕ್ಕ ಅಮ್ಮನ ಮೊಣಕಾಲು ಹಿಡಿದು ಅತ್ತಳು.

ಪುಸ್ತಕದಲ್ಲಿ ನಾಲ್ಕೇ ಹೊಲಗಳ ಹೆಸರಿದೆ.