ಕ್ರೇನ್ ಅತ್ತೆಯ ಬ್ರೇಕು

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ಕಟ್ಟಿದವನು, ಉಂಡದ್ದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದಂತೆ ಕಾಣುವುದಿಲ್ಲ. ಅದನ್ನು ಯೋಚಿಸುವುದೇ ನನ್ನ ಉದ್ಯೋಗ. ದೊಡ್ಡ ಆಸ್ಪತ್ರೆಯೊಂದರ ಮೂರನೆಯ ಮಹಡಿಯಲ್ಲಿ ನನ್ನದೊಂದು ಪ್ರಯೋಗಾಲಯವಿದೆ. ಕರುಳು ಹೇಗೆ ಚಲಿಸುತ್ತದೆ, ಯಾಕೆ ನಿಧಾನವಾಗುತ್ತದೆ, ಮಲಬದ್ಧತೆ ಕೆಲವರನ್ನು ವರ್ಷಗಟ್ಟಲೆ ಯಾಕೆ ಬಿಡುವುದಿಲ್ಲ ಎಂದು ಅಲ್ಲಿ ಸಂಶೋಧನೆ ನಡೆಸುತ್ತೇನೆ. ನೆಂಟರ ನಡುವೆ ಇದನ್ನು ಹೇಳಿದರೆ ಅರ್ಧ ಜನ ತಟ್ಟೆ ನೋಡುತ್ತಾರೆ. ಉಳಿದವರು ಊಟ ಮುಗಿದ ಮೇಲೆ ನನ್ನನ್ನು ಮೂಲೆಗೆ ಕರೆದು ಪಿಸುಗುಡುತ್ತಾರೆ. ನನಗಂತೂ ನಾಚಿಕೆಯಿಲ್ಲ. ಈ ಕೆಲಸವನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಕಡಿಮೆ ಎಂದು ಹೇಳಿಕೊಳ್ಳಲೂ ನಾಚಿಕೆಯಿಲ್ಲ.

ಹೀಗಿರುವಾಗ ನನ್ನ ಸ್ವಂತ ಸೋದರತ್ತೆ, ಅಪ್ಪನ ತಂಗಿ, ಅಮ್ಮನಿಲ್ಲದ ನನ್ನನ್ನು ಸಾಕಿ ಬೆಳೆಸಿದವಳು, ಬುಧವಾರ ಸಂಜೆ ನನ್ನ ಅಡುಗೆಮನೆಯಲ್ಲಿ ಕುಳಿತು ಚಹಾ ಆರಿಸಿಕೊಳ್ಳುತ್ತಾ ಹೇಳಿದಳು: "ಸೋಮವಾರ ನನ್ ದೊಡ್ಡ ಕರುಳು ತೆಗೀತಾರೆ, ಪುಟ್ಟಿ. ಮನೆ ಬೀಗದ ಕೈ ನಿನ್ ಹತ್ರ ಇರ್ಲಿ."

ನನಗೆ ಮೊದಲು ಭಯವಾಯಿತು, ಆಮೇಲೆ ಕೋಪ ಬಂತು. ಎರಡರಲ್ಲಿ ಕೋಪವೇ ನನಗೆ ಹೆಚ್ಚು ಒಗ್ಗುತ್ತದೆ.

"ಯಾರು ತೆಗೆಯೋದು?"

"ನಿಮ್ಮ ಆಸ್ಪತ್ರೆ ಸರ್ಜನ್ನೇ. ನಾನೇ ಕೇಳ್ಕೊಂಡೆ. ಗುರುತಿನ ಗುಳಿಗೆ ನುಂಗ್ಸಿ ಎಕ್ಸ್‌ರೇ ತೆಗೆದ್ರು. ವಾರ ಆದ್ರೂ ಗುರುತೆಲ್ಲ ಒಳಗೇ ಕೂತಿತ್ತು. ಕರುಳು ಸೋಮಾರಿಯಾಗಿದೆಯಂತೆ."

"ಕೆಳಗಿನ ಸ್ನಾಯು ಪರೀಕ್ಷೆ ಮಾಡಿದ್ರಾ?"

ಅತ್ತೆ ಲೋಟದೊಳಗೆ ನೋಡಿದಳು. "ಬೇಡ ಅಂದೆ. ಅಲ್ಲಿಗೆಲ್ಲ ಯಾರೂ ನಳಿಕೆ ಹಾಕೋದು ಬೇಡ."

"ಹೊಟ್ಟೆ ಕುಯ್ಯೋದು ಆಗತ್ತೆ, ಇದಾಗಲ್ವಾ?"

"ಕುಯ್ಯೋವಾಗ ನಂಗೆ ಎಚ್ಚರ ಇರಲ್ವಲ್ಲ."

ಈ ಒಂದು ಮಾತಿನಲ್ಲಿ ನನ್ನ ಅರ್ಧ ರೋಗಿಗಳ ಕಥೆಯಿದೆ. ನೆಗಡಿ ಬಂತೆಂದು ಮೂಗು ಕೊಯ್ಯಿಸಿಕೊಳ್ಳಲು ಸಿದ್ಧ, ಮೂಗು ತೋರಿಸಲು ಮಾತ್ರ ನಾಚಿಕೆ. ಎಷ್ಟೋ ಸಲ ಕರುಳಿನದು ತಪ್ಪೇ ಇರುವುದಿಲ್ಲ. ಹೊರಗೆ ಹೋಗುವ ದಾರಿಯ ಕೊನೆಯಲ್ಲಿ ಒಂದು ಬಿಗಿಯಾದ ಸ್ನಾಯುವಿದೆ, ಅದು ಬಾಗಿಲು. ಬಾಗಿಲು ತೆರೆಯದಿದ್ದರೆ ಹಜಾರದಲ್ಲಿ ಜನ ಸೇರುತ್ತಾರೆ. ಆಗ ಹಜಾರವನ್ನೇ ಕೆಡವಿದರೆ ಬಾಗಿಲು ತೆರೆಯುವುದಿಲ್ಲ, ಮನೆಯೂ ಉಳಿಯುವುದಿಲ್ಲ. ಅತ್ತೆಯ ಬಾಗಿಲ ಮೇಲೆ ನನಗೆ ಬಲವಾದ ಅನುಮಾನವಿತ್ತು. ಅದಕ್ಕೆ ಕಾರಣ ಅವಳ ಕೆಲಸ.

ಅತ್ತೆ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದಳು. ನಿವೃತ್ತಿಯಾದ ಮೇಲೂ ನೆಂಟರಿಗೆಲ್ಲ ಕ್ರೇನ್ ಅತ್ತೆಯೇ. ಆಕಾಶದಲ್ಲಿ ತೂಗುವ ಗಾಜಿನ ಗೂಡಿನಲ್ಲಿ ಕುಳಿತು, ಹಡಗಿನಿಂದ ಲಾರಿಗೆ, ಲಾರಿಯಿಂದ ಹಡಗಿಗೆ ಕಬ್ಬಿಣದ ಪೆಟ್ಟಿಗೆಗಳನ್ನು ಮೊಟ್ಟೆ ಇಟ್ಟಷ್ಟು ಮೆತ್ತಗೆ ಇಡುತ್ತಿದ್ದಳು. ಗೂಡಿನಲ್ಲಿ ಶೌಚಾಲಯವಿರಲಿಲ್ಲ. ಗಂಡಸರು ಇಳಿದು ಹೋಗಿ ಬಂದರೆ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಅತ್ತೆ ಇಳಿದರೆ ಇಡೀ ಬಂದರೇ ನಿಂತು ನೋಡುತ್ತಿತ್ತು, ಯಾಕೆ ಇಳಿದಳೆಂದು ಎಲ್ಲರಿಗೂ ತಿಳಿಯುತ್ತಿತ್ತು. ಆದ್ದರಿಂದ ಅವಳು ಇಳಿಯುವುದನ್ನೇ ಬಿಟ್ಟಳು. ತಾಳಿದವನು ಬಾಳಿಯಾನು ಎಂದು ತಾಳಿದಳು. ಗಾದೆ ಹೇಳಿದವನಿಗೆ ತಾಳುವುದಕ್ಕೂ ಒಂದು ಮಿತಿಯಿದೆ ಎಂದು ಗೊತ್ತಿದ್ದರೆ ಚೆನ್ನಾಗಿತ್ತು.

"ನಿನ್ನ ಕುಂಡೆ ತೊಳೆದು ದೊಡ್ಡೋಳು ಮಾಡಿದ್ದು ನಾನು," ಎಂದಳು ಅತ್ತೆ. "ಈಗ ನಿನ್ ಮುಂದೆ ಹಾಗೆ ಮಲ್ಕೊಳ್ಲಾ?"

"ಆಗ ನಾನೇನು ನಾಚ್ಕೊಂಡಿದ್ನಾ?"

ಅವಳಿಗೆ ನಗು ಬಂತು. ನಗು ಬಂದರೆ ಅತ್ತೆ ಅರ್ಧ ಸೋತಂತೆ. ಕೊನೆಗೆ ಒಪ್ಪಿದಳು, ಆದರೆ ಷರತ್ತು ಹಾಕಿ: "ಶನಿವಾರದ ತನಕ ಬರ್ತೀನಿ. ಆಗ್ಲಿಲ್ಲ ಅಂದ್ರೆ ಸೋಮವಾರ ಬಾಯ್ಮುಚ್ಕೊಂಡು ಕಳಿಸ್ಕೊಡ್ಬೇಕು."

ಮರುದಿನ ಬೆಳಗ್ಗೆ ಮೆಟ್ಟಿಲ ಬಳಿ ಸರ್ಜನ್ನನ್ನು ತಡೆದು ನಿಲ್ಲಿಸಿದೆ. ಒಳ್ಳೆಯ ಕೈ, ಒಳ್ಳೆಯ ಮನುಷ್ಯ, ಸ್ವಲ್ಪ ಅವಸರ. "ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ನಾನೂ ಗೋಗರೆದೆ ಮೇಡಂ. ನಿಮ್ಮತ್ತೆ ಹಠ ನಿಮಗೇ ಗೊತ್ತಲ್ಲ," ಎಂದರು. "ಸ್ನಾಯುದೇ ತೊಂದ್ರೆ ಅಂತ ಇಟ್ಕೊಳ್ಳೋಣ. ಈ ವಯಸ್ಸಲ್ಲಿ ಅದಕ್ಕೆ ಪಾಠ ಹೇಳ್ತೀರಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?"

"ಬಗ್ಗತ್ತೆ. ಬಗ್ಗಿಸೋದೇ ನನ್ನ ಕೆಲಸ."

"ಹಾಗಾದ್ರೆ ಬಗ್ಗಿದ್ದನ್ನ ತೋರ್ಸಿ, ನಾನೇ ಕತ್ತರಿ ಕೆಳಗಿಡ್ತೀನಿ. ಇಲ್ಲಾಂದ್ರೆ ಅವರು ಸೋಮವಾರ ಬಂದು ನನ್ನ ಬಾಗಿಲಲ್ಲಿ ಕೂರ್ತಾರೆ."

ನಮ್ಮ ಪರೀಕ್ಷೆ ಸರಳವಾದದ್ದು. ರೋಗಿ ಎಡಮಗ್ಗುಲಿಗೆ ಮಲಗಬೇಕು. ಪೆನ್ಸಿಲ್‌ಗಿಂತ ತೆಳುವಾದ ಒಂದು ಮೆತ್ತನೆಯ ನಳಿಕೆಯನ್ನು ಒಳಗಿಡುತ್ತೇವೆ. ಸ್ನಾಯು ಬಿಗಿಯಾದರೆ ಎದುರಿನ ಪರದೆಯಲ್ಲಿ ಗೆರೆ ಮೇಲೇರುತ್ತದೆ, ಸಡಿಲವಾದರೆ ಕೆಳಗಿಳಿಯುತ್ತದೆ. ನನ್ನ ಜೊತೆ ಇರುವ ಸಿಸ್ಟರ್ ಅತ್ತೆಯ ಮೇಲೆ ಹೊದಿಕೆ ಹೊದಿಸಿ, ಕಿಟಕಿಯ ಪರದೆ ಎಳೆದು, ಬಾಗಿಲ ಚಿಲಕ ಹಾಕಿದರು. ಬಿಗಿಹಿಡಿ ಎಂದೆ. ಗೆರೆ ಪರದೆಯ ನೆತ್ತಿ ಮುಟ್ಟಿತು.

"ಇಷ್ಟು ಗಟ್ಟಿ ನಾನು ಗಂಡಸರಲ್ಲೂ ನೋಡಿಲ್ಲ," ಎಂದರು ಸಿಸ್ಟರ್.

"ಕ್ರೇನ್ ಅಂದ್ರೆ ಸುಮ್ನೇನಾ," ಎಂದಳು ಅತ್ತೆ ಗೋಡೆಯ ಕಡೆ ನೋಡುತ್ತಾ.

"ಈಗ ಮನೇಲಿ ಬೆಳಗ್ಗೆ ಕೂತಾಗ ತಿಣುಕೋ ಹಾಗೆ ತಿಣುಕು," ಎಂದೆ. ಗೆರೆ ಇಳಿಯಬೇಕಿತ್ತು. ಮತ್ತೆ ನೆತ್ತಿಗೇರಿತು. ಒಂದು ಕೈಯಿಂದ ಬಾಗಿಲು ತಳ್ಳುತ್ತಾ ಇನ್ನೊಂದು ಕೈಯಿಂದ ಚಿಲಕ ಹಾಕುತ್ತಿದ್ದಳು, ತನಗೇ ತಿಳಿಯದೆ. ಎಷ್ಟೋ ವರ್ಷಗಳಿಂದ. ನನಗೆ ಆದ ಸಂತೋಷವನ್ನು ಸಿಸ್ಟರ್ ಕಡೆ ನೋಡಿ ಮರೆಮಾಚಬೇಕಾಯಿತು. ರೋಗ ಸಿಕ್ಕಿತ್ತು, ಮತ್ತು ಅದು ಕಲಿಸಿ ಬಿಡಿಸಬಹುದಾದ ರೋಗ. ಪರದೆಯನ್ನು ಅತ್ತೆಯ ಕಡೆ ತಿರುಗಿಸಿದೆ. ಇನ್ನು ಆ ಗೆರೆಯನ್ನು ನೋಡಿ ನೋಡಿ ಇಳಿಸಲು ಕಲಿತರೆ ಸಾಕು.

ಅವಳು ಕಲಿಯಲಿಲ್ಲ.

"ಬಿಡು ಅತ್ತೆ. ಸಡಿಲ ಬಿಡು. ಉಸಿರು ಬಿಡು. ಹಾಂ, ಬಿಡು, ಬಿಡು." ಗೆರೆ ಏರಿತು. ಶುಕ್ರವಾರವೂ ಏರಿತು. ನಾನು ಹೇಳಿಕೊಡುವ ರೀತಿ ಹೆಸರುವಾಸಿ. ನನ್ನ ದನಿ ಕೆಳಗಿನ ಕ್ಯಾಂಟೀನಿಗೆ ಕೇಳುತ್ತದೆ, ಚಹಾ ಕುಡಿಯುವವರೂ ಸಡಿಲವಾಗುತ್ತಾರೆ ಎಂದು ಸಿಸ್ಟರ್ ತಮಾಷೆ ಮಾಡುತ್ತಾರೆ. ಅತ್ತೆ ಮಾತ್ರ ಸಡಿಲವಾಗಲಿಲ್ಲ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅವಳ ಹಣೆಯ ಮೇಲೆ ಬೆವರಿತ್ತು, ನನ್ನ ಗಂಟಲು ಒಡೆದಿತ್ತು.

"ಸಾಕು ಪುಟ್ಟಿ," ಎಂದಳು. "ನಿನ್ ಮೆಷಿನ್ ಚೆನ್ನಾಗಿದೆ. ನಾನೇ ಸರಿಯಿಲ್ಲ." ಹಾಗೆಂದು ಕಣ್ಣು ಮುಚ್ಚಿಕೊಂಡಳು.

ಇಡೀ ಜನ್ಮದಲ್ಲಿ ಅತ್ತೆ ತಾನು ಸರಿಯಿಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ. ನನಗೆ ಬಹಳ ನೋವಾಯಿತು.

ಅಷ್ಟರಲ್ಲಿ ಹೊರಗೆ ಯಾರೋ ಆಕ್ಸಿಜನ್ ಸಿಲಿಂಡರಿನ ಗಾಡಿ ತಳ್ಳಿಕೊಂಡು ಬಂದು, "ಹುಷಾರು, ದಾರಿ ಬಿಡಿ" ಎಂದು ಕೂಗಿದರು. ಅತ್ತೆ ಸುಮ್ಮನೆ ಮಲಗಿದ್ದಳು, ತಿಣುಕುತ್ತಿರಲಿಲ್ಲ. ಆದರೂ ಪರದೆಯ ಮೇಲೆ ಗೆರೆ ನೆಗೆದು ನಿಂತಿತು. ಗಾಡಿ ದೂರ ಹೋದ ಮೇಲೆ ನಿಧಾನವಾಗಿ ಇಳಿಯಿತು.

ನಾನು ಪರದೆಯನ್ನೇ ನೋಡುತ್ತಾ, "ಅತ್ತೆ" ಎಂದೆ. ಗೆರೆ ಎದ್ದಿತು. ಸುಮ್ಮನಾದೆ. ಇಳಿಯಿತು. "ಅತ್ತೆ" ಎಂದು ಇನ್ನೊಂದು ಸಲ ಕರೆದೆ. ಎದ್ದಿತು.

"ಏನೇ ಅದು, ಮಂತ್ರದ ಹಾಗೆ?"

"ನೀನು ಕ್ರೇನ್ ಮೇಲಿದ್ದಾಗ ಕೆಳಗಿಂದ ಯಾರಾದ್ರೂ ಕೂಗಿದ್ರೆ ಏನ್ ಮಾಡ್ತಿದ್ದೆ?"

"ಬ್ರೇಕ್ ಹಾಕ್ತಿದ್ದೆ," ಎಂದಳು, ಇದೂ ಒಂದು ಪ್ರಶ್ನೆಯೇ ಎಂಬಂತೆ. "ಯಾರೇ ಕೂಗ್ಲಿ, ಏನೇ ಕೂಗ್ಲಿ. ಮೊದ್ಲು ಬ್ರೇಕು, ಆಮೇಲೆ ಯಾಕೆ ಅಂತ ಕೇಳೋದು. ಲೋಡ್ ಕೆಳಗೆ ಜನ ಇರ್ತಾರಲ್ಲ."

"ಮತ್ತೆ ಇಳಿಸು ಅಂತ ಹೇಗೆ ಹೇಳ್ತಾರೆ?"

"ಇಳಿಸೋಕೆ ಯಾರೂ ಕೂಗಲ್ಲ. ಸನ್ನೆ ಮಾಡ್ತಾರೆ. ಮರ್ತೋಯ್ತಾ ನಿಂಗೆ?"

ಮರೆತಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಬೀರುವಿನ ಮೇಲೆ, ಕಾಂಪೌಂಡಿನ ಮೇಲೆ, ಎಲ್ಲೆಂದರಲ್ಲಿ ಹತ್ತುತ್ತಿದ್ದೆ. ಬೇರೆಯವರು ಕಂಡರೆ ಕಿರುಚುತ್ತಿದ್ದರು. ಅತ್ತೆ ಕಿರುಚುತ್ತಿರಲಿಲ್ಲ. ಬಂದು ನನಗೆ ಕಾಣುವ ಹಾಗೆ ಕೆಳಗೆ ನಿಂತು, ಒಂದು ತೋಳನ್ನು ನೆಲದತ್ತ ಚಾಚಿ, ತೋರುಬೆರಳನ್ನು ಕೆಳಮುಖ ಮಾಡಿ ಗಾಳಿಯಲ್ಲಿ ಸಣ್ಣ ಸುತ್ತು ಸುತ್ತುತ್ತಿದ್ದಳು. ಮೆಲ್ಲಗೆ ಇಳಿಸು ಎಂದು ಅದರ ಅರ್ಥ. ನಾನು ಮೆಲ್ಲಗೆ ಇಳಿಯುತ್ತಿದ್ದೆ. ಒಮ್ಮೆಯೂ ಬೀಳಲಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರ ಎಂಬುದನ್ನು ನಾನು ಅಲ್ಲಿಯವರೆಗೆ ಬೇರೆಯವರಿಗೆ ಹೇಳುವ ಮಾತು ಎಂದೇ ತಿಳಿದಿದ್ದೆ. ಸಿಸ್ಟರ್ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟೆ. ಪರದೆಯನ್ನು ಅವರ ಕಡೆ ತಿರುಗಿಸಿದೆ. ಅತ್ತೆಗೆ ಕಾಣುವ ಹಾಗೆ ಗೋಡೆಯ ಪಕ್ಕ ನಿಂತೆ, ತೋಳು ಚಾಚಿದೆ, ಬೆರಳು ಸುತ್ತತೊಡಗಿದೆ.

ಅತ್ತೆ ನನ್ನ ಕೈಯನ್ನು ನೋಡಿದಳು. ಅವಳ ಮುಖ ಬದಲಾಯಿತು. ರೋಗಿಯ ಮುಖ ಹೋಗಿ ಗಾಜಿನ ಗೂಡಿನಲ್ಲಿ ಕೂರುವವಳ ಮುಖ ಬಂತು. ಹುಬ್ಬು ಸ್ವಲ್ಪ ಗಂಟಿಕ್ಕಿತು, ತುಟಿ ಸಡಿಲವಾಯಿತು. ಹೊದಿಕೆಯ ಮೇಲಿದ್ದ ಅವಳ ಬಲಗೈ ಯಾವುದೋ ಹಿಡಿಕೆಯನ್ನು ಒಂದಿಷ್ಟೇ ಮುಂದೂಡಿದಂತೆ ಅಲುಗಿತು. ಸಿಸ್ಟರ್ ಪರದೆ ನೋಡುತ್ತಾ ಬಾಯಿ ತೆರೆದರು, ನೆನಪಾಗಿ ಮುಚ್ಚಿಕೊಂಡರು, ತಮ್ಮ ಹೆಬ್ಬೆರಳನ್ನು ಕೆಳಗೆ ತಿರುಗಿಸಿ ತೋರಿಸಿದರು. ನಾನು ಮುಷ್ಟಿ ಕಟ್ಟಿದೆ. ನಿಲ್ಲಿಸು ಎಂದರ್ಥ. ಅತ್ತೆ ನಿಲ್ಲಿಸಿದಳು. ಮತ್ತೆ ಬೆರಳು ಸುತ್ತಿದೆ. ಸಿಸ್ಟರ್ ಹೆಬ್ಬೆರಳು ಮತ್ತೆ ಕೆಳಗೆ ಹೋಯಿತು. ಹೀಗೆ ಮಾತಿಲ್ಲದೆ ಆ ಕೋಣೆಯಲ್ಲಿ ನಾವು ಇಡೀ ಹಡಗು ಖಾಲಿ ಮಾಡಿದೆವು.

ಇನ್ನು ಕೊನೆಯ ಪರೀಕ್ಷೆ ಉಳಿದಿತ್ತು. ಬೆಚ್ಚಗಿನ ನೀರು ತುಂಬಿದ ಸಣ್ಣ ಬಲೂನನ್ನು ಒಳಗಿಟ್ಟು, ರೋಗಿಯನ್ನು ಪಕ್ಕದ ಕೋಣೆಯ ಕಮೋಡ್ ಕುರ್ಚಿಯ ಮೇಲೆ ಕೂರಿಸಿ, ಬಾಗಿಲು ಹಾಕಿಕೊಂಡು ಬರುತ್ತೇವೆ. ಒಬ್ಬರೇ ಕುಳಿತು ಅದನ್ನು ಹೊರಹಾಕಬೇಕು. ಸರ್ಜನ್ನಿಗೆ ಬೇಕಿದ್ದದ್ದೂ ಇದೇ. ಅಲ್ಲಿ ಸನ್ನೆ ಮಾಡಲು ನಾನಿರುವುದಿಲ್ಲ. ಬಾಗಿಲು ಎಳೆಯುವ ಮುಂಚೆ ಸಂದಿಯಿಂದ ಕೈ ಮಾತ್ರ ಒಳಗೆ ಚಾಚಿ ಒಮ್ಮೆ ಬೆರಳು ಸುತ್ತಿ ತೋರಿಸಿದೆ. ಆಮೇಲೆ ಬಾಗಿಲು ಮುಚ್ಚಿದೆ.

ನಾನೂ ಸಿಸ್ಟರೂ ಹೊರಗೆ ಗೋಡೆಗೆ ಒರಗಿ ನಿಂತೆವು. ಆಗಲೇ ಸರ್ಜನ್ ಬರಬೇಕೇ. ದೂರದಿಂದಲೇ "ಏನ್ ಮೇಡಂ" ಎನ್ನಲು ಹೊರಟರು. ನಾನು ತೋಳೆತ್ತಿ ಅವರ ಮುಖಕ್ಕೆ ಮುಷ್ಟಿ ಕಟ್ಟಿ ಹಿಡಿದೆ. ಬಂದರಿನ ಭಾಷೆ ಅವರಿಗೆ ಹೇಗೆ ಗೊತ್ತಿರಬೇಕು, ನಾನು ಹೊಡೆಯುತ್ತೇನೆಂದೇ ತಿಳಿದಿರಬಹುದು. ಇದ್ದಲ್ಲೇ ನಿಂತರು. ಮೂವರೂ ಉಸಿರು ಬಿಗಿಹಿಡಿದು ಒಂದು ಮುಚ್ಚಿದ ಬಾಗಿಲನ್ನು ನೋಡುತ್ತಿದ್ದೆವು. ಸೋತರೆ ಸೋಮವಾರ ಅವಳನ್ನು ನಾನೇ ಕೈಹಿಡಿದು ಆಪರೇಷನ್ ಕೋಣೆಗೆ ಕರೆದೊಯ್ಯಬೇಕು, ಬಾಯಿ ಮುಚ್ಚಿಕೊಂಡು. ನನಗೆ ಹೆದರಿಕೆಯಾಗಿತ್ತು. ಕೋಪ ಬರಲಿ ಎಂದು ಕಾದೆ, ಬರಲಿಲ್ಲ.

ಒಳಗೆ ಕುರ್ಚಿಯ ಪಾತ್ರೆಯಲ್ಲಿ ದೊಪ್ಪೆಂದು ಸದ್ದಾಯಿತು.

ಆಮೇಲೆ ಅತ್ತೆಯ ದನಿ ಕೇಳಿತು. ಮನೆಯ ದನಿಯಲ್ಲ, ಮೇಲಿನಿಂದ ರೇಡಿಯೊದಲ್ಲಿ ಕೆಳಗಿನವರಿಗೆ ಹೇಳುತ್ತಿದ್ದ ನಿಧಾನದ, ಚಪ್ಪಟೆ ದನಿ.

"ಲೋಡ್ ಇಳೀತು."

ಸರ್ಜನ್ ನನ್ನ ಕಡೆ ನೋಡಿದರು. "ಸೋಮವಾರದ ಜಾಗ ಬೇರೆಯವ್ರಿಗೆ ಕೊಡ್ತೀನಿ," ಎಂದು ಪಿಸುಗುಟ್ಟಿ, ಶೂ ಸದ್ದಾಗದಂತೆ ತುದಿಗಾಲಿನಲ್ಲಿ ನಡೆದು ಹೋದರು. ಸಿಸ್ಟರ್ ಸೆರಗಿನಲ್ಲಿ ಮುಖ ಒತ್ತಿಕೊಂಡು ನಗುತ್ತಿದ್ದರು. ಕಲಿಕೆ ಇನ್ನೂ ವಾರಗಟ್ಟಲೆ ಇದೆ, ಇದು ಮೊದಲನೆಯದು ಮಾತ್ರ ಎಂದು ನನಗೆ ಗೊತ್ತಿತ್ತು. ಆದರೆ ಬ್ರೇಕ್ ಬಿಡುವ ಹಿಡಿಕೆ ಅವಳಿಗೆ ಸಿಕ್ಕಿತ್ತು, ಸಿಕ್ಕಿದ್ದನ್ನು ಅತ್ತೆ ಕಳೆದುಕೊಳ್ಳುವವಳಲ್ಲ.

"ಪುಟ್ಟಿ, ಇದ್ದೀಯಾ ಅಲ್ಲಿ?" ಎಂದಳು ಒಳಗಿನಿಂದ. "ಈಗ ಮಾತಾಡ್ಬೋದು ನೀನು."

ನಾನು ಬಾಯಿ ತೆರೆದೆ. ಬಂದದ್ದು ಅಳು.